ಕೊಳ್ಳದೇ ಇರೋ ಸ್ವಾತಂತ್ರ್ಯ

ಸ್ನೋಮೊಬೈಲ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಚಳಿಗಾಲದ ರಜೆಯ ಮೋಜು. ಮುಂದೆ ಎರಡು ಸ್ಕೀ, ಕೆಳಗೆ ತಿರುಗುವ ರಬ್ಬರ್ ಪಟ್ಟಿ, ಹಿಮದ ಮೇಲೆ ಬೈಕಿನ ಹಾಗೆ ಓಟ. ಆದರೆ ಅದರ ಹಿಂದಿನ ಕಥೆ ಮೋಜಿನದಲ್ಲ. 1934ರ ಚಳಿಗಾಲ. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್‌ನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯಿತು. ಹಿಮ ರಸ್ತೆಗಳನ್ನೆಲ್ಲ ಮುಚ್ಚಿತ್ತು, ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ, ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿಯ ಪ್ರಯೋಗಗಳನ್ನು ಅವರು ಮುಂದುವರಿಸಿದರು. 1937ರಲ್ಲಿ ಪೇಟೆಂಟ್ ಸಿಕ್ಕಿತು, 1959ರಲ್ಲಿ ಪುಟ್ಟ ಸ್ಕೀ-ಡೂ ಮಾರುಕಟ್ಟೆಗೆ ಬಂತು. ಇಂಥ ಯಂತ್ರ ಬೇಡ ಅಂತ ಯಾರು ಹೇಳ್ತಾರೆ?

ಕೆಲವೇ ವರ್ಷಗಳಲ್ಲಿ ಅದು ಫಿನ್‌ಲ್ಯಾಂಡಿನ ಉತ್ತರ ತುದಿಯನ್ನೂ ತಲುಪಿತು. ಅಲ್ಲಿ ಸ್ಕೋಲ್ಟ್ ಸಾಮಿ ಜನ ಹಿಮಸಾರಂಗಗಳನ್ನು ಸಾಕಿ, ಅವು ಎಳೆಯುವ ಜಾರುಬಂಡಿಯಲ್ಲೇ ಓಡಾಡುತ್ತಿದ್ದರು. ಆಮೇಲೆ ಏನಾಯ್ತು ಅನ್ನೋದನ್ನ ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ 1973ರಲ್ಲಿ ಒಂದು ಪುಸ್ತಕವಾಗಿಯೇ ಬರೆದರು. ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳಿಗೆ ಇಳಿಯಿತು. ಆದರೆ ಸಾರಂಗಕ್ಕೆ ಮೇವು ಹಿಮದಡಿಯಲ್ಲೇ ಸಿಗುತ್ತಿತ್ತು, ಯಂತ್ರಕ್ಕೆ ಪೆಟ್ರೋಲು ಮತ್ತು ಬಿಡಿಭಾಗಗಳನ್ನು ದುಡ್ಡು ಕೊಟ್ಟೇ ತರಬೇಕು. ಆ ದುಡ್ಡು ಹೊಂದಿಸಲಾಗದ ಎಷ್ಟೋ ಕುಟುಂಬಗಳು ಸಾರಂಗ ಸಾಕಣೆಯಿಂದಲೇ ಹೊರಬಿದ್ದವು.

ಯಾರೂ ಯಾರನ್ನೂ ಬಲವಂತ ಮಾಡಿರಲಿಲ್ಲ. ಒಬ್ಬೊಬ್ಬರ ನಿರ್ಧಾರವೂ ಸರಿಯೇ. ಆದರೆ ಎಲ್ಲರೂ ಕೊಂಡ ಮೇಲೆ, ಕೊಳ್ಳದೇ ಇರೋದು ಆಯ್ಕೆಯಾಗಿ ಉಳಿಯಲ್ಲ. ಡೇಟಾದ ಜೊತೆ ಕೆಲಸ ಮಾಡುವ ನನಗೆ ಇದು ಪರಿಚಿತ ಸಮಸ್ಯೆ. ಪ್ರಯಾಣದ ಸರಾಸರಿ ಸಮಯ ಇಳಿದಿದೆ ಅಂತ ಗ್ರಾಫ್ ತೋರಿಸುತ್ತೆ. ಪ್ರಯಾಣವನ್ನೇ ಬಿಟ್ಟವರು ಆ ಗ್ರಾಫಿನಲ್ಲಿ ಇರೋದೇ ಇಲ್ಲ.

ಇದನ್ನ ನೋಡೋಕೆ ಉತ್ತರ ಧ್ರುವದ ಹತ್ತಿರ ಹೋಗಬೇಕಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ಅಮೆರಿಕದ ಬಡಾವಣೆಯಲ್ಲಿ ಒಂದು ಲೋಟ ಹಾಲಿಗೂ ಮಕ್ಕಳ ಕಾರಿಗೆ ಕಾಯ್ತಾರಲ್ಲ, ಅದೂ ಇದೇ ಕಥೆ.

ಹಾಗಂತ ಯಂತ್ರವನ್ನ ಬಯ್ದರೆ ಬೊಂಬಾರ್ಡಿಯೆಯ ಮಗುವಿಗೆ ನಾವು ಏನು ಉತ್ತರ ಕೊಡೋದು? ಕ್ವಿಬೆಕ್‌ನಲ್ಲೇ ಇನ್ನೊಂದು ದಾರಿ ಕಾಣುತ್ತೆ. 1948ರಲ್ಲಿ ಅಲ್ಲಿನ ಸರ್ಕಾರ ಹಳ್ಳಿ ರಸ್ತೆಗಳ ಹಿಮವನ್ನೂ ತೆಗೆಸಬೇಕು ಅಂತ ಕಾನೂನು ತಂದಿತು. ಬೊಂಬಾರ್ಡಿಯೆಯ ದೊಡ್ಡ ಹಿಮಬಸ್ಸುಗಳ ಮಾರಾಟ ಕುಸಿಯಿತು. ಆದರೆ ಅವನ್ನು ಕೊಳ್ಳಲಾಗದ ಮನೆಯ ಮಗುವಿಗೂ ಆಸ್ಪತ್ರೆಯ ದಾರಿ ತೆರೆಯಿತು.

ಹೊಸ ಯಂತ್ರ ಕೊಳ್ಳುವಾಗ ನಾವು ಕೇಳೋದು "ಇದು ನನಗೆ ಎಷ್ಟು ಸಮಯ ಉಳಿಸುತ್ತೆ?" ಅಂತ. "ಇದು ಇಲ್ಲದವರ ದಾರಿ ತೆರೆದೇ ಇರುತ್ತಾ?" ಅಂತಲೂ ಕೇಳಬೇಕು. ಆ ದಾರಿಯ ಹಿಮ ತೆಗೆಯೋ ಖರ್ಚಿನಲ್ಲಿ, ಯಂತ್ರದಿಂದ ಲಾಭ ಪಡೆದ ನಮ್ಮದೂ ಪಾಲಿದೆ.