ಚೂರುಗಳನ್ನು ಕೂಡಿಸಿದ ಪ್ರಭುವೂ ನಮ್ಮ ಸಂತೆಯ ಚೀಲವೂ



ಐದು ರೊಟ್ಟಿ, ಎರಡು ಮೀನುಗಳಿಂದ ಯೇಸುಸ್ವಾಮಿ ಐದು ಸಾವಿರ ಮಂದಿಯ ಹಸಿವನ್ನು ತಣಿಸಿದ ಅದ್ಭುತವು ನಾಲ್ಕೂ ಶುಭಸಂದೇಶಗಳಲ್ಲಿ ಇದೆ. ಆದರೆ ಆ ರೊಟ್ಟಿ ಬಡವರ ಧಾನ್ಯವಾದ ಜವೆಗೋಧಿಯದು ಎಂಬುದನ್ನೂ, ಎಲ್ಲರೂ ಉಂಡ ಮೇಲೆ ಪ್ರಭು ಶಿಷ್ಯರಿಗೆ ಕೊಟ್ಟ ಅಪ್ಪಣೆಯನ್ನೂ ತಿಳಿಸುವವರು ಸಂತ ಯೊವಾನ್ನರೊಬ್ಬರೇ (6ನೇ ಅಧ್ಯಾಯ). ಮಿಕ್ಕ ಚೂರುಗಳು ಹಾಳಾಗಕೂಡದು, ಅವನ್ನೆಲ್ಲ ಒಟ್ಟುಗೂಡಿಸಬೇಕು ಎಂಬುದೇ ಆ ಅಪ್ಪಣೆ. ಹನ್ನೆರಡು ಬುಟ್ಟಿಗಳು ತುಂಬಿದವು. ಬೇಕೆಂದಾಗ ರೊಟ್ಟಿಯನ್ನು ಹೆಚ್ಚಿಸಬಲ್ಲ ಪ್ರಭುವಿಗೆ ಹುಲ್ಲಿನ ಮೇಲೆ ಬಿದ್ದ ಚೂರುಗಳ ಚಿಂತೆ ಏಕೆ?

ಅದು ತಂದೆಗೆ ಕೃತಜ್ಞತೆ ಸಲ್ಲಿಸಿ ಹಂಚಿದ ರೊಟ್ಟಿ, ಅದಕ್ಕೆ. ನಾಳೆಗೆ ಇಲ್ಲವಲ್ಲ ಎಂಬ ಭಯದಿಂದ ಹಿಡಿದಿಡುವುದು ಜುಗ್ಗತನ. ಇದು ದೇವರು ಕೊಟ್ಟದ್ದು ಎಂಬ ನೆನಪಿನಿಂದ ಕಾಪಾಡುವುದು ಮಿತವ್ಯಯ. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆದುದರಿಂದ ಬೆಲೆಗಳು ಏರುತ್ತಿರುವ ಈ ದಿನಗಳಲ್ಲಿ ದಿನಸಿಯ ಖರ್ಚಿನಲ್ಲಿ ನಾಲ್ಕು ಕಾಸು ಉಳಿಸಬೇಕೆಂದು ಹೊರಟಾಗ ನಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಉಳಿತಾಯ ಯಾರ ಪಾಲಿನಿಂದ ಬರುತ್ತಿದೆ?

ನಮ್ಮದೇ ಪೋಲಿನಿಂದ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಗಡಿಗೆ ಹೊರಡುವ ಮುನ್ನ ಡಬ್ಬಿಗಳನ್ನು ತೆರೆದು ನೋಡಿ ಚೀಟಿ ಬರೆದುಕೊಳ್ಳುವ ಮನೆಯಲ್ಲಿ ತೊಗರಿಬೇಳೆ ಎರಡು ಸಲ ಬರುವುದಿಲ್ಲ, ರವೆಗೆ ಹುಳು ಬೀಳುವುದಿಲ್ಲ. ಮೂಲಂಗಿಯ ಸೊಪ್ಪು ಪಲ್ಯವಾಗುತ್ತದೆ, ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ, ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನವಾಗುತ್ತದೆ. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಇಂದು ಮೊಬೈಲಿನಲ್ಲಿ ಬೆರಳಾಡಿಸಿದರೆ ಸಾಮಾನು ಮನೆಬಾಗಿಲಿಗೆ ಬರುತ್ತದೆ. ಸಾಗಣೆಯ ಹಣ ಉಳಿಯಲೆಂದು ಬೇಡದ ಎರಡು ಪೊಟ್ಟಣಗಳೂ ಜೊತೆಗೆ ಬರುತ್ತವೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂದು ನಂಬಬೇಡಿ. ಗ್ರಾಮಿಗೆ ಅಥವಾ ಕಿಲೋಗೆ ಇಷ್ಟು ಎಂಬ ದರವನ್ನೂ ಈಗ ಪೊಟ್ಟಣದ ಮೇಲೆ ಮುದ್ರಿಸುತ್ತಾರೆ. ಅದನ್ನು ಓದಿ ಹೋಲಿಸಿ. ಆಹಾರವನ್ನು ಬಿಸಾಡುವುದು ಬಡವರ ಮೇಜಿನಿಂದ ಕದ್ದಂತೆ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಎಚ್ಚರಿಸಿದ್ದರು. ಕಸದ ಬುಟ್ಟಿಗೆ ಹೋಗುವ ಕೊತ್ತಂಬರಿಯ ಕಟ್ಟನ್ನು ಕಂಡಾಗ ಈ ಮಾತು ನೆನಪಾದರೆ ಸಾಕು.

ಆದರೆ ಮಾರುವವಳ ಬುಟ್ಟಿಯಿಂದ ಬರುವ ಉಳಿತಾಯ? ಬೆಂಗಳೂರಿನ ಶಿವಾಜಿನಗರದಲ್ಲಿ ಸಂತ ಮರಿಯಮ್ಮನವರ ಬಸಿಲಿಕಾದ ಸಮೀಪದಲ್ಲೇ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ ಇದೆ. ಬಲಿಪೂಜೆ ಮುಗಿಸಿದವರು ಜಪಮಾಲೆಯನ್ನು ಕೈಚೀಲಕ್ಕೆ ಹಾಕಿ, ಸಂತೆಯ ಚೀಲವನ್ನು ಹೊರಗೆ ತೆಗೆಯಲು ಕೆಲವು ಹೆಜ್ಜೆಗಳು ಸಾಕು. ಇಂಥ ಮಾರುಕಟ್ಟೆಗಳ ಬದಿಯಲ್ಲಿ ಗೋಣಿ ಹಾಸಿ ಸೊಪ್ಪು ಮಾರುವ ತಾಯಿ ಬೆಳಕು ಹರಿಯುವ ಮುಂಚೆಯೇ ಸಗಟು ದರಕ್ಕೆ ಸರಕು ತಂದವಳು. ಸಂಜೆಯೊಳಗೆ ಮಾರದಿದ್ದರೆ ಬಾಡಿದ ನಷ್ಟ ಅವಳದೇ. ಅವಳಲ್ಲಿ ಶೀತಲ ಪೆಟ್ಟಿಗೆ ಇಲ್ಲ. ಅವಳೆದುರು ನಿಂತು, ಬರೀ ಬಾಡಿದ ಸೊಪ್ಪು ಎಂದು ಮೂಗು ಮುರಿದು, ಐದು ರೂಪಾಯಿ ಇಳಿಸಿ, ಮನೆಗೆ ಬಂದು ಎಷ್ಟು ಚೆನ್ನಾದ ಸೊಪ್ಪು ಎಷ್ಟು ಕಡಿಮೆಗೆ ತಂದೆ ನೋಡಿ ಎನ್ನುತ್ತೇವೆ. ಜ್ಞಾನೋಕ್ತಿಗಳ ಗ್ರಂಥದ 20ನೇ ಅಧ್ಯಾಯ ತೆರೆದು ನೋಡಿ. ಕೊಳ್ಳುವಾಗ ಹಳಿದು, ಕೊಂಡ ಮೇಲೆ ಹೆಚ್ಚಳಪಡುವ ಇದೇ ಗಿರಾಕಿ ಅಲ್ಲಿಯೂ ಇದ್ದಾನೆ! ಕಳ್ಳ ತಕ್ಕಡಿಯ ವಿಷಯದಲ್ಲಿ ವ್ಯಾಪಾರಿಗಳನ್ನು ಗದರಿಸುವ ವಾಕ್ಯಗಳನ್ನು ನಾವು ಬಹಳ ಸಲ ಕೇಳಿದ್ದೇವೆ. ಕೊಳ್ಳುವವನ ನಾಲಿಗೆಯೂ ಒಂದು ತಕ್ಕಡಿಯೇ ಎಂಬುದನ್ನು ಅಷ್ಟಾಗಿ ಕೇಳಿಲ್ಲ.

ಕೊಸರಿಗೆ ನಾಲ್ಕು ಎಸಳು ಕರಿಬೇವು ಕೇಳಿದ್ದನ್ನೆಲ್ಲ ಪಾಪನಿವೇದನೆಯಲ್ಲಿ ಹೇಳಬೇಕೆಂದು ನಾನು ಹೇಳುತ್ತಿಲ್ಲ. ನಾಲ್ಕು ಕಡೆ ವಿಚಾರಿಸಿ ಕೊಳ್ಳುವುದು ವಿವೇಕ. ದುಪ್ಪಟ್ಟು ಹೇಳಿದರೆ ಕೇಳುವ ಹಕ್ಕೂ ಉಂಟು. ಆದರೆ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಬರೆದಷ್ಟು ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು ಬರುವ ನಾವು, ನೆಲದ ಮೇಲೆ ಕುಳಿತವಳ ಬಳಿ ಮಾತ್ರ ಶೂರರಾಗುವುದು ಯಾವ ನ್ಯಾಯ? ಹಾಗೆಯೇ ಬೀದಿಯ ಕೊನೆಯ ದಿನಸಿ ಅಂಗಡಿಯವರ ಪುಸ್ತಕದಲ್ಲಿ ಎರಡು ತಿಂಗಳ ಬಾಕಿ ಬಿಟ್ಟು, ನಗದನ್ನು ಬೇರೆಡೆ ರಿಯಾಯಿತಿ ಮಾರಾಟಕ್ಕೆ ಒಯ್ಯುವುದು. ಅದು ಉಳಿತಾಯವಲ್ಲ, ಅವರ ಹಣದಲ್ಲಿ ನಾವು ಮಾಡುವ ಸಂಸಾರ.

ಇನ್ನೊಂದು ಮಾತನ್ನು ಗಂಡಂದಿರಿಗೆ ಹೇಳಲೇಬೇಕು. ತಿಂಗಳ ಮೊದಲಲ್ಲಿ ಇಷ್ಟು ಎಂದು ಎಣಿಸಿ ಕೊಟ್ಟು, ಮಧ್ಯದಲ್ಲಿ ಮುಗಿದರೆ ಎಲ್ಲಿ ಸುರಿದೆ ಎಂದು ಕೇಳುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ಎಣ್ಣೆಯ ದರವೆಷ್ಟು, ಈರುಳ್ಳಿ ಎಷ್ಟಕ್ಕೆ ಏರಿದೆ ಎಂಬುದು ಕೇಳಿದವರಿಗೆ ಗೊತ್ತಿರುವುದಿಲ್ಲ. ಅಪೊಸ್ತಲ ಫಿಲಿಪ್ಪನಿಗಾದರೂ ಗೊತ್ತಿತ್ತು. ಆ ಜನಕ್ಕೆಲ್ಲ ಇನ್ನೂರು ದಿನಗಳ ಕೂಲಿಯ ರೊಟ್ಟಿ ತಂದರೂ ಸಾಲದೆಂದು ಅವನು ಅಲ್ಲೇ ಲೆಕ್ಕ ಹಾಕಿ ಹೇಳಿದ! ಲೆಕ್ಕ ಹೊಂದದಿದ್ದಾಗ ಆ ತಾಯಿ ಏನು ಮಾಡುತ್ತಾಳೆ? ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದಷ್ಟರಲ್ಲಿ ತನ್ನ ಊಟ ಮುಗಿಸುತ್ತಾಳೆ. ಮೊಟ್ಟೆ ಮಕ್ಕಳಿಗೆ, ಮೀನಿನ ತುಂಡು ಗಂಡನಿಗೆ, ಸಾರು ಅವಳಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಕೊನೆಯಲ್ಲಿ ಉಣ್ಣುವ ಪದ್ಧತಿಯೂ ಒಂದು. ತಾಯಿಯ ತಟ್ಟೆಯಿಂದ ಉಳಿಸಿದ ಹಣದಲ್ಲಿ ಹಬ್ಬದ ಬಟ್ಟೆ ಕೊಳ್ಳುವ ಕುಟುಂಬವು ನಜರೇತಿನ ಪವಿತ್ರ ಕುಟುಂಬದ ಚಿತ್ರಪಟದ ಮುಂದೆ ಮೇಣದಬತ್ತಿ ಹಚ್ಚುವ ಮೊದಲು ಸ್ವಲ್ಪ ಯೋಚಿಸಲಿ. ವಾರಕ್ಕೊಮ್ಮೆ ಗಂಡನೇ ಚೀಲ ಹಿಡಿದು ಸಂತೆಗೆ ಹೋಗಲಿ, ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿ; ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನು, ಉಳಿದದ್ದು ಎಲ್ಲಿಗೆ ಹೋಗಬೇಕು? ಬಡವರ ಹೆಸರು ಹೇಳಿ ಹಣದ ಚೀಲವನ್ನು ತನ್ನ ಬಳಿಯೇ ಇಟ್ಟುಕೊಂಡ ಯೂದನ ಕತೆ ನಿಮಗೆ ತಿಳಿದಿದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಸೋದರಿಯರಿಂದ ನಾವು ಕಲಿಯಬಹುದು. 1910ರಿಂದ ಅವರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ತೆಗೆದಿಡುತ್ತಾ ಬಂದಿದ್ದಾರೆ. ಬುಹ್‌ಫೈ ಥಾಮ್ ಎಂದು ಅದರ ಹೆಸರು. ಹೀಗೆ ಮನೆಮನೆಯಿಂದ ಕೂಡಿದ ಅಕ್ಕಿಯ ಹಣದಿಂದ ಆ ಸಭೆಯ ಸೇವೆ ನಡೆಯುತ್ತದೆ. ಅನ್ನ ಬೇಯುವ ಮೊದಲೇ ತೆಗೆದಿಟ್ಟ ಹಿಡಿ ಅದು, ಉಂಡು ಮಿಕ್ಕಿದ್ದಲ್ಲ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಬಹಳ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಇದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಂ ಮತ್ತು ಅವರ ಗೆಳೆಯರು ಆರಂಭಿಸಿದ ಈ ಸಭೆಯ ಸದಸ್ಯರು ಬಡವರ ಮನೆಗಳಿಗೆ ತಾವೇ ಹೋಗಿ ಬರುತ್ತಾರೆ. ಅಡುಗೆಮನೆಯಲ್ಲಿ ಒಂದು ಖಾಲಿ ಡಬ್ಬಿ ಇಡಿ. ದಿನಕ್ಕೊಂದು ಹಿಡಿ ಅಕ್ಕಿ, ಅಂಗಡಿಯಿಂದ ಬಂದ ಚಿಲ್ಲರೆ, ಎರಡು ಪೊಟ್ಟಣಗಳ ಬೆಲೆ ಹೋಲಿಸಿ ಉಳಿಸಿದ ಆರು ರೂಪಾಯಿ, ಎಲ್ಲವನ್ನೂ ಮಕ್ಕಳ ಕೈಯಿಂದಲೇ ಹಾಕಿಸಿ. ತಿಂಗಳ ಮೊದಲ ಭಾನುವಾರ ಅದನ್ನು ಆ ಸದಸ್ಯರಿಗೆ ಒಪ್ಪಿಸಿ. ಯಾವ ಮನೆಗೆ ಹೋಯಿತೆಂದು ಕೇಳಬೇಡಿ. ಅವರು ಹೇಳುವುದೂ ಇಲ್ಲ.