ಅವರಿಗೂ ಹಿಂದಿನವರು ಬೇಕು

ಸಾಂತಾಕ್ರೂಜಿನಲ್ಲಿ ನಾನು ಹತ್ತುವ ಲೋಕಲ್ಲಿನಲ್ಲಿ ಕಾಲೇಜು ಹುಡುಗರ ಕೈಯಲ್ಲಿ ಆಗಾಗ ಮ್ಯಾಡಲಿನ್ ಮಿಲ್ಲರ್ ಅವರ ‘ದಿ ಸಾಂಗ್ ಆಫ್ ಅಕಿಲೀಸ್’ (2011) ಕಾಣುತ್ತದೆ. ಟ್ರಾಯ್ ಯುದ್ಧದ ವೀರನನ್ನು ಪ್ರೀತಿಸಿದ ಪೆಟ್ರೋಕ್ಲಸ್ ಹೇಳುವ ಕಥೆ ಅದು. ಸಲಿಂಗಪ್ರೇಮದ ಕಥೆ ಓದಲು ಇವರಿಗೆ ಅಷ್ಟು ಹಳೆಯ ಕಾಲ ಯಾಕೆ ಬೇಕು?

ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗಬೇಕು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ನಾವು ಪುಲಕೇಶಿಯ ಕಥೆ ಹೇಳುವುದು, ನಿಮಗೂ ಹಿಂದಿನವರಿದ್ದಾರೆ ಎನ್ನುವುದಕ್ಕೆ. ಸಲಿಂಗಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಮನೆಗಳಲ್ಲಿ ‘ಇದೆಲ್ಲ ಈಗಿನ ಫ್ಯಾಷನ್’ ಎನ್ನುವುದು ನಿಂತಿಲ್ಲ. ಆ ಮಾತು ಕೇಳಿಸಿಕೊಳ್ಳುವ ಮಗುವಿಗೂ ಹಿಂದಿನವರು ಬೇಕು.

ಸಾಕ್ಷಿಯಿಲ್ಲದೆ ಬಾಳಿಹೋದವರಿಗೆ ಪ್ರೇಮ ಅಂಟಿಸಬಹುದೇ? ಆಕ್ಷೇಪ ಹಗುರವಲ್ಲ. ಆದರೆ ನಮ್ಮ ಶಾಸನಗಳು ಹೆಚ್ಚಾಗಿ ದಾನ, ಯುದ್ಧ, ವಂಶಗಳನ್ನು ಬರೆದಿಟ್ಟವು, ಗುಟ್ಟಾಗಿ ಪ್ರೀತಿಸಿದವರನ್ನಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಇಲ್ಲದ್ದು ಆಫೀಸಿನಲ್ಲಿ ನಡೆದೇ ಇಲ್ಲವೆಂದು ನಾನಂತೂ ನಂಬುವುದಿಲ್ಲ. ಕಾದಂಬರಿ ‘ಹೀಗೇ ಆಯಿತು’ ಎಂದರೆ ತಪ್ಪು. ‘ಹೀಗೂ ಇದ್ದಿರಬಹುದು’ ಎಂದರೆ ನ್ಯಾಯ.

ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಇಂದಿನ ಬದುಕನ್ನು ಹೇಳಿತು. ದುರ್ಗ, ಕೊಡಗು, ವಿಜಯನಗರಗಳ ಮೇಲೆ ಇಷ್ಟೊಂದು ಕಾದಂಬರಿಗಳಿರುವ ಭಾಷೆಯಲ್ಲಿ, ಅಲ್ಲಿ ಹಾಗೆ ಬದುಕಿದ್ದಿರಬಹುದಾದವರ ಕಥೆಗೂ ಜಾಗವಿರಲೇಬೇಕು.