ನಿಮಗೇನು ಬೇಕು?

ಕೊಂಡ್ಲಹಳ್ಳಿ ನನ್ನ ತವರು. ಬೇಸಿಗೆಯಲ್ಲಿ ಹೋದಾಗಲೆಲ್ಲ ಅಮ್ಮ ಮೊದಲು ಕೇಳುವುದು, "ಏನು ಮಾಡಲಿ?" ಎಂದು. ಒಂದು ಸಲ ಮಾತ್ರ ಕೇಳದೆ ಹೋಳಿಗೆ ಮಾಡಿಟ್ಟಿದ್ದಳು. ನನ್ನ ಚಿಕ್ಕ ಮಗನಿಗೋ ದಾರಿಯಲ್ಲೇ ಜ್ವರ. ಅವನಿಗೆ ಬೇಕಿದ್ದದ್ದು ಗಂಜಿ. ಅಮ್ಮನ ಪ್ರೀತಿಗೇನೂ ಕೊರತೆಯಿರಲಿಲ್ಲ. ಕೇಳುವುದೊಂದು ತಪ್ಪಿತ್ತು.

ವಿಜ್ಞಾನ ಮತ್ತು ಸಮಾಜದ ಮಾತು ಬಂದಾಗ ನನಗೆ ಆ ಹೋಳಿಗೆ ನೆನಪಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಅವರ ಬಳಗ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಹೆಂಗಸರು ಹೊಗೆಯಿಲ್ಲದೆ ಅಡುಗೆ ಮಾಡಲಿ ಎಂಬ ಒಳ್ಳೆಯ ಆಸೆ. ಆದರೆ ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲರ ಒಲೆಗೆ ಗ್ಯಾಸ್ ಸಾಲಲಿಲ್ಲ. ಜನರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಮುನಿಸಿಕೊಳ್ಳಲಿಲ್ಲ, ಯೋಜನೆಯನ್ನೇ ತಿದ್ದಿಕೊಂಡರು. 1987ರ ಹೊತ್ತಿಗೆ ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಬೆರೆಸಿ ಎಂಜಿನ್ ಓಡಿಸಿ, ವಿದ್ಯುತ್ ಪಡೆದು, ನೀರು ಎತ್ತಿ ನಲ್ಲಿಗೆ ಬಿಟ್ಟರು. ಮನೆಗಳಲ್ಲಿ ದೀಪವೂ ಉರಿಯಿತು. ಸಗಣಿ ಕೊಟ್ಟವರಿಗೆ ಗೊಬ್ಬರ ಮರಳಿ ಸಿಕ್ಕಿತು.

ಈಗ ನಮ್ಮ ಸೀಮೆಗೇ ವಿಜ್ಞಾನ ಬಂದಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ, 2010ರ ಆಸುಪಾಸಿನಲ್ಲಿ, ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿಯ ಸಂಸ್ಥೆಗಳಿಗೆ ಹೋಯಿತು. ಅದೇ ವಿಜ್ಞಾನ ಸಂಸ್ಥೆಗೂ ಕುದಾಪುರದಲ್ಲಿ 1,500 ಎಕರೆ ಸಿಕ್ಕಿತು. ಕುರಿ ಮೇಯುತ್ತಿದ್ದ ನೆಲದ ಸುತ್ತ ಗೋಡೆ ಎದ್ದಿತು. ಕಾವಲಿಗಾಗಿ ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಕುರಿಯಿಲ್ಲದೆ ಉಣ್ಣೆಯಿಲ್ಲ, ಉಣ್ಣೆಯಿಲ್ಲದೆ, ನೂಲು ತೆಗೆದು ಕಂಬಳಿಯಿಂದ ಬದುಕುವ ಹೆಂಗಸರಿಗೆ ಕೂಳಿಲ್ಲ.

ದೇಶಕ್ಕೆ ರಾಕೆಟ್ಟು ಬೇಡವೆಂದು ನಾನು ಹೇಳಲಾರೆ. ಕುದಾಪುರದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿಯೂ ನಡೆಯುತ್ತದೆ. ಅದು ನಮ್ಮ ಮಕ್ಕಳಿಗೆ ಬೇಕಾದದ್ದೇ. ಆದರೆ ಕೊಡುವವರು ತಾವೇ ಬೇಕುಗಳನ್ನು ಪಟ್ಟಿ ಮಾಡಿದರೆ, ನೂಲುವವಳ ಹೆಸರು ಆ ಪಟ್ಟಿಯಲ್ಲಿ ಹೇಗೆ ಬರಬೇಕು, ನೀವೇ ಹೇಳಿ. ಪುರದಲ್ಲಿ ತಪ್ಪಿದ್ದು ಲೆಕ್ಕ, ಅದನ್ನು ತಿದ್ದಬಹುದಿತ್ತು. ಕಲ್ಲಿನ ಗೋಡೆಯನ್ನು ತಿದ್ದುವುದು ಅಷ್ಟು ಸುಲಭವಲ್ಲ. ಆದ್ದರಿಂದ ಅಲ್ಲಿ ಮೊದಲೇ ಕೇಳಬೇಕಿತ್ತು.

ಆದರೂ ಹೊತ್ತು ಮೀರಿಲ್ಲ ಎಂದು ನಂಬಿದ್ದೇನೆ. ಮೇವು, ನೀರು, ಉಣ್ಣೆ, ಬರ: ಗೋಡೆಯಾಚೆಗೆ ವಿಜ್ಞಾನಿಗಳಿಗೆ ಕೆಲಸ ಬೇಕಾದಷ್ಟಿದೆ. ಅಂದು ಅಮ್ಮ ಹೋಳಿಗೆಯನ್ನು ಮುಚ್ಚಿಟ್ಟು, ಏನೂ ಆಡದೆ ಗಂಜಿಗೆ ಎಸರಿಟ್ಟಳು.